ಕುರಿಗೆ ಒಂದು ರೂಪಾಯಿ

೧೯೯೪ರಲ್ಲಿ ನಾನು ಶಿಕಾರಿಪುರದಲ್ಲಿ ಕೂತು ಒಂದೇ ಹೊತ್ತಿಗೆ ಅರವತ್ತೆರಡು ಜನರ ಜೊತೆ ಹುಲಿ-ಕುರಿ ಆಟ ಆಡುತ್ತಿದ್ದೆ. ಅವರಲ್ಲಿ ಒಬ್ಬರ ಮುಖವನ್ನೂ ನೋಡಿರಲಿಲ್ಲ. ಆಟವೆಲ್ಲ ಪೋಸ್ಟ್ ಕಾರ್ಡಿನಲ್ಲಿ ನಡೆಯುತ್ತಿತ್ತು. ಎಲ್ಲರ ಜೊತೆಯೂ ನಾನೇ ಹುಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗೆರೆ ಎಳೆದ ಚಿತ್ರದಲ್ಲಿ ಇಪ್ಪತ್ಮೂರು ಮನೆ, ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಹೋದರೆ ಕುರಿ ಸತ್ತಿತು. ಕುರಿಗಳೆಲ್ಲ ಸುತ್ತುಗಟ್ಟಿ ಹುಲಿಗೆ ಅಲುಗಾಡಲು ಜಾಗ ಇಲ್ಲದಂತೆ ಮಾಡಿದರೆ ಕುರಿಯವರು ಗೆದ್ದರು. ಊರಲ್ಲಿ ಇದನ್ನು ಕಟ್ಟೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು, ಹುಣಸೆಬೀಜ ಇಟ್ಟು ಆಡುತ್ತಾರೆ. ನಾನು ಮಾಡಿದ್ದು ಇಷ್ಟೇ. ಒಂದೊಂದು ಮನೆಗೂ ನಂಬರು ಕೊಟ್ಟು, ಚಿತ್ರವನ್ನು ಅಚ್ಚು ಹಾಕಿ ಊರೂರಿಗೆ ಹಂಚಿದೆ. ನಡೆಯ ನಂಬರು ಬರೆದು ಕಾರ್ಡು ಹಾಕಿದರೆ ಸಾಕು, ನಾನು ಹುಲಿಯ ನಡೆ ಬರೆದು ಉತ್ತರ ಹಾಕುತ್ತಿದ್ದೆ.

ಯಾಕೆ ಎಂದರೆ, ಕೆಲಸ ಇರಲಿಲ್ಲ. ನನ್ನದು ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಹಳೇ ಪ್ರೆಸ್ಸು. ಶಿವಮೊಗ್ಗದಲ್ಲಿ ಆಫ್‌ಸೆಟ್ ಬಂದ ಮೇಲೆ ಬಣ್ಣದ ಗಣಪತಿ ಇಲ್ಲದ ಲಗ್ನಪತ್ರಿಕೆ ಯಾರಿಗೂ ಬೇಡವಾಯಿತು. ಇದ್ದೊಬ್ಬ ಮಿಷನ್ ಆಳೂ ಅಲ್ಲಿಗೇ ಹೋದ. ತಾಲ್ಲೂಕಿನ ಅರ್ಧ ಮದುವೆಗಳಿಗೆ ಪತ್ರಿಕೆ ಅಚ್ಚು ಹಾಕಿದವನು ನಾನು, ಆದರೆ ‘ಚಿ॥ ರೇಣುಕಾಪ್ರಸಾದ್’ ಎಂದು ಜೋಡಿಸುವ ಸಂದರ್ಭ ಮಾತ್ರ ಬರಲಿಲ್ಲ. ಹನ್ನೊಂದು ಕಡೆ ಹೆಣ್ಣು ನೋಡಿ ಉಪ್ಪಿಟ್ಟು ಕೇಸರಿಬಾತು ತಿಂದು ಬಂದದ್ದಾಯಿತು. ನನ್ನ ಸಿಟ್ಟಿನ ಸುದ್ದಿ ನನಗಿಂತ ಮುಂಚೆ ಆ ಮನೆಗಳನ್ನು ಮುಟ್ಟಿರುತ್ತಿತ್ತು. ನಲವತ್ತೆರಡಾದ ಮೇಲೆ ಮನೆಯವರೂ ಸುಮ್ಮನಾದರು. ಮಧ್ಯಾಹ್ನ ಖಾನಾವಳಿಯ ಊಟ, ಉಳಿದಂತೆ ಪ್ರೆಸ್ಸಿನಲ್ಲಿ ನಾನು ಮತ್ತು ಸೀಸದ ಮೊಳೆಗಳು. ಕೆಲವು ದಿನ ಸಂಜೆ ಯಾರಾದರೂ ಮಾತಾಡಿಸಿದರೆ ಬೆಳಗಿನಿಂದ ಬಾಯಿ ಬಿಟ್ಟಿಲ್ಲ ಎಂಬುದು ಆಗ ಗೊತ್ತಾಗುತ್ತಿತ್ತು.

ಆಟದ ಹಾಳೆಯ ಕೆಳಗೆ ಪ್ರೆಸ್ಸಿನ ವಿಳಾಸ ಹಾಕಿ, ಇದ್ದಬದ್ದ ಲಗ್ನಪತ್ರಿಕೆಗಳ ಕವರಿನೊಳಗೆ ಒಂದೊಂದು ಸೇರಿಸಿಬಿಟ್ಟೆ. ‘ಆಟ ಉಚಿತ, ನಿಮ್ಮ ಕಾರ್ಡಿನ ಹದಿನೈದು ಪೈಸೆ ಮಾತ್ರ ನಿಮ್ಮದು.’ ಪತ್ರಿಕೆ ಹೋದ ಕಡೆಗೆಲ್ಲ ಹಾಳೆಯೂ ಹೋಯಿತು. ಎರಡು ತಿಂಗಳು ಯಾರೂ ಬರೆಯಲಿಲ್ಲ. ಆಮೇಲೆ ಈಸೂರಿನ ಒಬ್ಬ ನಿವೃತ್ತ ಮೇಷ್ಟ್ರು, ಶಿರಾಳಕೊಪ್ಪದ ಒಬ್ಬ ಟೈಲರು, ಹೀಗೆ ಶುರುವಾಗಿ ಯುಗಾದಿಯ ಹೊತ್ತಿಗೆ ಅರವತ್ತೆರಡು ಜನ ಆದರು. ಬಾಗಿಲ ಸಂದಿಯಲ್ಲಿ ಬೀಳುವ ಕಾರ್ಡುಗಳಿಗೆ ನಾನು ಎಷ್ಟು ಕಾಯುತ್ತಿದ್ದೆ ಎಂದು ಹೇಳಿದರೆ ನಾಚಿಕೆಯಾಗುತ್ತದೆ.

ಖರ್ಚು ಮಾತ್ರ ಏರಿತು. ವಾರಕ್ಕೆ ಅರವತ್ತೆರಡು ಉತ್ತರ ಎಂದರೆ ತಮಾಷೆಯೇ? ನನ್ನ ಅಕ್ಕನ ಗಂಡ ಪರಮಶಿವಪ್ಪನವರು, ಮಾರ್ಕೆಟ್ ಯಾರ್ಡಿನಲ್ಲಿ ಮಂಡಿ ಇಟ್ಟವರು, ಸಂಜೆ ಪೇಪರ್ ಓದಲು ಪ್ರೆಸ್ಸಿಗೆ ಬರುತ್ತಿದ್ದರು. ಕಾರ್ಡಿನ ಕಟ್ಟು ನೋಡಿ ನಕ್ಕರು.

“ಇದು ಧರ್ಮಛತ್ರ ಏನಪಾ?”

“ಸೇರಾಕೆ ಐದು ರೂಪಾಯಿ ಫೀಜು ಇಡೋಣಂತ ಮಾಡೀನಿ, ಭಾವ.”

“ಹುಚ್ಚ! ಬಾಗಿಲಾಗೆ ಯಾವತ್ತೂ ರೊಕ್ಕ ಕೇಳಬಾರದು. ಒಳಗೆ ಬಂದು ಕುಂತು, ಚಾ ಕುಡಿದು, ಇದು ನಂದೇ ಮನಿ ಅನ್ನಿಸಿದ ಮ್ಯಾಲೆ ಕೇಳಬೇಕು. ಆಟ ಬಿಟ್ಟಿನೇ ಇರ್ಲಿ. ಸತ್ತ ಕುರಿಗೆ ರೇಟು ಕಟ್ಟು.”

ಅದೇ ಅವರ ಉಪಾಯ. ಹುಲಿ ತಿಂದ ಕುರಿ ಮತ್ತೆ ಬೇಕಾದರೆ ಲಕೋಟೆಯೊಳಗೆ ಒಂದು ಅಂಚೆಚೀಟಿ ಇಟ್ಟು ಕಳಿಸಬೇಕು, ಕುರಿ ಎದ್ದು ಬರುತ್ತದೆ. ಆ ಚೀಟಿ ನನ್ನ ಅಂಚೆ ಖರ್ಚಿಗೇ ಆಗುತ್ತದೆ. ಕುರಿಗೆ ಎಷ್ಟು? ಮೊದಲ ತಿಂಗಳು ಎರಡು ರೂಪಾಯಿ ಅಂದೆವು, ಯಾರೂ ಕೊಳ್ಳಲಿಲ್ಲ. ಎಂಟಾಣೆ ಅಂದೆವು, ಹತ್ತು ಜನ ಕೊಂಡರು. ಒಂದು ರೂಪಾಯಿ ಅಂದಾಗಲೂ ಎಂಟು ಜನ ಕೊಂಡರು. “ಒಂದು ರೂಪಾಯಿನೇ ಖರೆ ರೇಟು” ಎಂದು ಭಾವ ತೀರ್ಪು ಕೊಟ್ಟರು. ಇನ್ನೊಂದನ್ನೂ ಹೇಳಿಕೊಟ್ಟರು. ಆರನೇ ಕಾರ್ಡಿನ ತನಕ ಯಾರ ಕುರಿಯನ್ನೂ ತಿನ್ನಬಾರದು. ಒಂದೂವರೆ ತಿಂಗಳು ಸಾಕಿದ ಕುರಿಯನ್ನು ತಿಂದರೆ ಸಂಕಟವಾಗುತ್ತದೆ, ಮೊದಲ ವಾರದ ಕುರಿಗೆ ಯಾರೂ ಅಳುವುದಿಲ್ಲ. ಕೇಳಿ ನನಗೆ ಹೇಸಿಗೆಯೂ ಆಯಿತು, ಭಾವನ ತಲೆಯ ಬಗ್ಗೆ ಮೆಚ್ಚಿಗೆಯೂ ಆಯಿತು. ಹೇಳಿದ ಹಾಗೇ ಮಾಡಿದೆ.

ದಸರೆಯ ಹೊತ್ತಿಗೆ ಲೆಕ್ಕ ಹೀಗಿತ್ತು. ಐವತ್ತೆರಡು ಜನ ಒಂದು ಪೈಸೆ ಬಿಚ್ಚಲಿಲ್ಲ. ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಒಂದು ಕುರಿ ಕೊಂಡರು. ಬಂದ ಅಂಚೆಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರದ್ದೇ. ಸೊರಬ ತಾಲ್ಲೂಕು, ಕ್ಯಾಸನೂರಿನ ಹತ್ತಿರದ ಹಳ್ಳಿ, ಚೌಡೇಶ್ವರಿ, ಅಂಗನವಾಡಿ.

ಆಕೆಯ ಅಕ್ಷರ ಮಕ್ಕಳಿಗೆ ತಿದ್ದಿಸಲು ಬರೆದ ಹಾಗೆ ದುಂಡಗೆ, ದೊಡ್ಡದಾಗಿ ಇರುತ್ತಿತ್ತು. ನಂಬರು ಬಿಟ್ಟರೆ ಬೇರೇನೂ ಬರೆಯುತ್ತಿರಲಿಲ್ಲ. ಒಂದೇ ಒಂದು ಸಲ ‘ಊರಿನವರಿಗೆ ಮಂಗನ ಕಾಯಿಲೆ ಚುಚ್ಚುಮದ್ದು ಹಾಕಲು ಬಂದಿದ್ದರು. ನಾನೂ ಜೊತೆಗೆ ತಿರುಗಬೇಕಾಯಿತು. ತಡವಾಯಿತು’ ಎಂದು ಬರೆದಿದ್ದಳು. ಆ ಮೂರು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ತಡವಾದದ್ದಕ್ಕೆ ನನಗೆ ಯಾರಾದರೂ ಕಾರಣ ಹೇಳಿ ಬಹಳ ವರ್ಷವಾಗಿತ್ತು.

ಉಳಿದವರ ಆಟವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಆಕೆಯ ಆಟವನ್ನು ಮಾತ್ರ ಮೊಳೆ ಜೋಡಿಸುವ ಕಲ್ಲಿನ ಮೂಲೆಯಲ್ಲಿ ಹರಡಿಟ್ಟಿದ್ದೆ. ಮೂರು ದಪ್ಪ ಮೊಳೆ ಹುಲಿ, ಸಣ್ಣವು ಕುರಿ. ಹೀಗೆ ಕಣ್ಣೆದುರಿಗೆ ಇದ್ದದ್ದಕ್ಕೇ ಒಂದು ದಿನ ಗೊತ್ತಾಯಿತು. ನನ್ನ ಎರಡು ಹುಲಿಗಳನ್ನು ಆಕೆ ಆಗಲೇ ಕಟ್ಟಿಹಾಕಿದ್ದಳು. ಮೂರನೆಯದಕ್ಕೆ ಉಳಿದಿದ್ದ ದಾರಿ ಹದಿನೇಳನೇ ಮನೆ ಒಂದೇ. ಹದಿನಾರರಲ್ಲಿದ್ದ ಕುರಿಯನ್ನು ಅಲ್ಲಿಗೆ ತಂದಿದ್ದರೆ ಆಟ ಮುಗಿಯುತ್ತಿತ್ತು. ಆಕೆ ಅದನ್ನು ಬಿಟ್ಟು, ಇನ್ನೊಂದು ಕುರಿಯ ಬೆನ್ನಿಗಿದ್ದ ಕುರಿಯನ್ನು ಸರಿಸಿ ನನಗೆ ಹಾರಲು ಜಾಗ ಮಾಡಿಕೊಟ್ಟಳು. ನಾನು ತಿಂದೆ. ಮುಂದಿನ ವಾರ ಲಕೋಟೆ ಬಂತು, ಒಳಗೆ ಒಂದು ರೂಪಾಯಿಯ ಚೀಟಿ. ಹಳೆಯ ಕಾರ್ಡು ತೆಗೆದು ನೋಡಿದರೆ ಇದೇ ರೀತಿ ಮುಂಚೆ ಎರಡು ಸಲ ಆಗಿತ್ತು.

ಬುದ್ಧಿವಂತೆ, ಬೇಕೆಂದೇ ಸೋಲುತ್ತಿದ್ದಳು. ಗೆದ್ದರೆ ಕಾರ್ಡು ನಿಲ್ಲುತ್ತದೆ, ಅದಕ್ಕೆ. ಸರ್ಕಾರ ಕೊಡುವ ಪುಡಿಗಾಸಿನಲ್ಲಿ ವಾರಕ್ಕೊಂದು ಕುರಿ ಕೊಂಡು, ನನ್ನಂಥವನ ನಾಲ್ಕು ನಂಬರಿಗೆ ಕಾಯುತ್ತಿದ್ದಳು. ಅಂದು ನನಗೆ ಊಟ ಸೇರಲಿಲ್ಲ. ಮೈಮೇಲೆ ನಾಚಿಕೆ ಹರಿದ ಹಾಗಾಯಿತು, ಅದರ ಜೊತೆಗೇ ಸಂತೋಷವೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಯಾಕೆಂದರೆ ನಾನೂ ಕಳ್ಳನೇ. ಆಕೆಯ ಉಳಿದ ಕುರಿಗಳನ್ನು ತಿನ್ನುವ ಅವಕಾಶ ಇದ್ದಾಗಲೂ ಬಿಟ್ಟುಬಿಟ್ಟು ಹುಲಿಯನ್ನು ಸುಮ್ಮನೆ ಆಚೀಚೆ ಓಡಾಡಿಸಿದ್ದೆ.

ದೀಪಾವಳಿಯ ಮುಂಚೆ ಭಾವ ಅಂಚೆಚೀಟಿಯ ಲೆಕ್ಕದ ಪುಸ್ತಕ ತಿರುವಿ ಹಾಕಿದರು.

“ಈಕಿ ಯಾರೋ ಮಾರಾಯ? ಇಪ್ಪತ್ಮೂರು ಕುರಿ ತಗೊಂಡಾಳ! ಈಕಿಗೆ ಮಾತ್ರ ಎರಡು ರೂಪಾಯಿ ಮಾಡು.”

“ಎಲ್ಲರಿಗೂ ಒಂದೇ ರೇಟು, ಭಾವ.”

“ಅದೆಂಥ ನ್ಯಾಯ? ಬ್ಯಾಡಾದೋರಿಗೆ ಬಿಟ್ಟಿ ಕೊಟ್ರೂ ತಗೊಳ್ಳಂಗಿಲ್ಲ, ಬೇಕಾದೋರು ಹತ್ತು ಕೇಳಿದ್ರೂ ಕೊಡ್ತಾರ. ಯಾರಿಗೆ ಬಿಡಾಕ ಆಗಂಗಿಲ್ಲೋ ಅವ್ರಿಂದನೇ ಅಂಗಡಿ ನಡೀತೈತಿ. ಎರಡು ಮಾಡು, ಕೊಡ್ತಾಳ.”

ಕೊಡುತ್ತಾಳೆ ಎಂಬುದು ನನಗೂ ಗೊತ್ತಿತ್ತು. ಅದಕ್ಕೇ ಸಿಟ್ಟು ನೆತ್ತಿಗೇರಿತು. ಭಾವ ಎಂಬುದನ್ನೂ ನೋಡದೆ ‘ಎದ್ದು ಹೋಗಿ’ ಎಂದೆ. ಅವರು ಪೇಪರ್ ಮಡಿಸಿಟ್ಟು ಹೋದರು. ನಾನು ಕೈಗೆ ಸಿಕ್ಕಿದ ಕಾರ್ಡು ಎಳೆದುಕೊಂಡು ಬರೆದೆ:

‘ಇನ್ನು ಮುಂದೆ ನಿಮಗೆ ಎಲ್ಲವೂ ಉಚಿತ. ಅಂಚೆಚೀಟಿ ಕಳಿಸಬೇಡಿ. ನೀವು ಬೇಕೆಂದೇ ಸೋಲುತ್ತಿರುವುದು ನನಗೆ ತಿಳಿದಿದೆ. ನನಗೂ ಈ ಆಟ ಮುಗಿಯುವುದು ಬೇಡ.’

ಹುಲಿಯನ್ನು ಹಿಂದಕ್ಕೆ ಸರಿಸಿದ ನಡೆಯನ್ನೂ ಕೆಳಗೆ ಬರೆದೆ. ಹದಿನೇಳು ಮತ್ತೆ ಖಾಲಿಯಾಯಿತು, ಆಕೆ ಒಂದೇ ನಡೆಯಲ್ಲಿ ಗೆಲ್ಲಬಹುದಿತ್ತು. ಡಬ್ಬಿಗೆ ಹಾಕಿ ಬಂದು, ಜೀವಮಾನದಲ್ಲಿ ಒಂದು ಒಳ್ಳೇ ಕೆಲಸ ಮಾಡಿದೆ ಅಂದುಕೊಂಡು ಮಲಗಿದೆ.

ಆ ವಾರ ಉತ್ತರ ಬರಲಿಲ್ಲ. ಮರುವಾರವೂ ಇಲ್ಲ. ಮತ್ತೆ ಚುಚ್ಚುಮದ್ದೇನೋ ಅಂದುಕೊಂಡೆ. ಮೂರನೇ ವಾರ ಪೋಸ್ಟ್‌ಮ್ಯಾನ್ ಮೇಲೆ ಹರಿಹಾಯ್ದೆ. ನಾಲ್ಕನೇ ವಾರ ಸಿಕ್ಕವರ ಕುರಿಗಳನ್ನೆಲ್ಲ ತಿಂದೆ. ಈಸೂರಿನ ಮೇಷ್ಟ್ರು ‘ಸ್ವಾಮೀ, ಹುಲಿಗೆ ಏನಾಗಿದೆ?’ ಎಂದು ಬರೆದು ಕೇಳಿದರು. ಕಲ್ಲಿನ ಮೂಲೆಯ ಮೊಳೆಗಳ ಮೇಲೆ ಧೂಳು ಕೂತಿತು, ಒರೆಸಲು ಮನಸ್ಸಾಗಲಿಲ್ಲ. ಅರವತ್ತೊಂದು ಜನ ಬರೆಯುತ್ತಲೇ ಇದ್ದರು. ಆದರೆ ಇಡೀ ಊರು ಖಾಲಿಯಾದ ಹಾಗಿತ್ತು.

ಐದನೇ ವಾರ ಬಸ್ಸು ಹತ್ತಿದೆ. ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಇಳಿದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಅಂಗನವಾಡಿ ರಸ್ತೆಯ ಪಕ್ಕದಲ್ಲೇ ಇತ್ತು. ಒಳಗೆ ಹತ್ತಿಪ್ಪತ್ತು ಮಕ್ಕಳು ತಟ್ಟೆ ಬಡಿಯುತ್ತಿದ್ದರು. ಸುಮಾರು ಮೂವತ್ತೈದರ ಹೆಂಗಸೊಬ್ಬಳು ಸೌಟು ಹಿಡಿದು ಹೊರಗೆ ಬಂದಳು.

“ಶಿಕಾರಿಪುರದ ಪ್ರೆಸ್ಸಿನವನು ರೀ” ಎಂದೆ.

ಆಕೆಯ ಮುಖ ಬಿಳುಚಿತು. ಒಳಗೆ ಕರೆಯಲಿಲ್ಲ. ಅಡುಗೆ ಮಾಡುತ್ತಿದ್ದ ಸಹಾಯಕಿಯನ್ನು ಕರೆದು ಬಾಗಿಲಲ್ಲಿ ಕೂರಿಸಿ, ನನಗೆ ರಸ್ತೆಯ ಕಡೆಯ ಜಗಲಿ ತೋರಿಸಿದಳು.

“ಅಲ್ಲೇ, ಎಲ್ಲರಿಗೂ ಕಾಣೋ ಹಂಗೆ ಕೂತ್ಕೊಳ್ಳಿ.”

ಕೂತೆ. ಆಕೆ ನಿಂತೇ ಮಾತಾಡಿದಳು.

“ನಮ್ಮೂರಲ್ಲಿ ಕಾರ್ಡು ಬಂದ್ರೆ ಪೋಸ್ಟಿನ ಧರ್ಮಪ್ಪ ಅಂಗಡಿ ಹತ್ರ ನಿಂತು ಓದ್ತಾನೆ. ಯಾರಿಗೆ ಬಂದಿದ್ರೂ ಅಷ್ಟೇ. ತಪ್ಪು ಅಂತ ಯಾರೂ ತಿಳ್ಕೊಳಲ್ಲ. ನನ್ನ ಕಾರ್ಡು ಅಂದ್ರೆ ಎಲ್ಲರಿಗೂ ಗೊತ್ತು. ಅಂಗಡಿ ಕಟ್ಟೆ ಮೇಲೆ ನಮ್ಮ ಆಟಾನೇ ಬರ್ಕಂಡು, ಈ ವಾರ ಹುಲಿ ಎಲ್ಲಿಗೆ ಹೋಯ್ತು ಅಂತ ಆಡೋರು. ಮತ್ತೆ ಒಂದು ರೂಪಾಯಿ ಕಳ್ಕಂಡ್ಯಲ್ಲೇ ಅಂತ ನಗೋರು. ನಂಗೂ ಖುಷಿ ಆಗ್ತಿತ್ತು.”

ನನಗೆ ಅರ್ಥವಾಗತೊಡಗಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

“ಆ ಕಾರ್ಡನ್ನೂ ಓದಿದ?”

“ಓದ್ದೆ ಬಿಡ್ತಾನಾ? ಉಚಿತ ಅಂತ ಓದಿ ನಿಲ್ಲಿಸ್ದ. ಎಲ್ಲರಿಗೂ ಒಂದು ರೂಪಾಯಿ, ಇವಳೊಬ್ಬಳಿಗೆ ಯಾಕೆ ಬಿಟ್ಟಿ ಅಂತ ಯಾರೋ ಕೇಳಿದ್ರು. ಆಮೇಲಿನ ಸಾಲು ಓದ್ದ ಮೇಲೆ ಯಾರೂ ಏನೂ ಕೇಳ್ಲಿಲ್ಲ.”

ಗಂಡ ಬಿಟ್ಟುಹೋದ ಮೇಲೆ ತಾನು ಅಣ್ಣ ಗುಡ್ಡಪ್ಪನ ಮನೆಯಲ್ಲಿ ಇರುವುದನ್ನು ಹೇಳಿದಳು. ಅಣ್ಣ ಬೈದರೇ ಎಂದು ಕೇಳಿದೆ.

“ಬೈದಿದ್ರೆ ಒಳ್ಳೇದಿತ್ತು. ಐದು ವಾರ ಆಯ್ತು, ಅಣ್ಣ ಮಾತೇ ಆಡಿಲ್ಲ. ಅತ್ತಿಗೆ ತಟ್ಟೆ ಇಟ್ಟು ಹೋಗ್ತಾರೆ.” ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. “ನಾನು ರೂಪಾಯಿ ಕೊಡೋವರೆಗೂ ಅದು ಆಟ ಆಗಿತ್ತು ರೀ. ನನ್ನ ದುಡ್ಡು, ನಂಗೆ ಕಾರ್ಡು. ಯಾರಪ್ಪಂದೂ ಅಲ್ಲ. ನೀವು ಬಿಟ್ಟಿ ಅಂದ್ರಿ, ಅವತ್ತಿಂದ ಅದು ಯಾವನೋ ಗಂಡಸು ಬರೆಯೋ ಕಾಗದ ಆಯ್ತು.”

ದರ ಎಷ್ಟಿದ್ದರೆ ಜನ ಕೊಳ್ಳುತ್ತಾರೆ ಎಂದು ವರ್ಷವೆಲ್ಲ ತಲೆ ಕೆಡಿಸಿಕೊಂಡವನು ನಾನು. ಆ ಒಂದು ರೂಪಾಯಿಯಲ್ಲಿ ಆಕೆ ಏನನ್ನು ಕೊಳ್ಳುತ್ತಿದ್ದಳು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅಷ್ಟು ತೆತ್ತು ಆಕೆ ಕಟ್ಟಿಕೊಂಡಿದ್ದ ಮರ್ಯಾದೆಯನ್ನು ನಾನು ದೊಡ್ಡ ಮನಸ್ಸು ಮಾಡಿ ಒಂದು ತೆರೆದ ಕಾರ್ಡಿನಲ್ಲಿ ಕಳೆದುಬಿಟ್ಟಿದ್ದೆ.

“ತಪ್ಪಾಯ್ತು ಅಂತ ಇನ್ನೊಂದು ಕಾರ್ಡು ಹಾಕ್ತೀನಿ. ರೇಟು ಮೊದಲಿನ ಹಂಗೇ ಅಂತ ಬರೀತೀನಿ.”

“ಹಂಗೆ ಬರದ್ರೆ ಇನ್ನೂ ಕೆಡ್ತದೆ. ಇವರಿಬ್ರ ನಡುವೆ ಏನೋ ಮುನಿಸಾಯ್ತು ಅಂತಾರೆ.” ಆಕೆ ಇದನ್ನೆಲ್ಲ ಐದು ವಾರ ಕೂತು ಯೋಚಿಸಿದ್ದಳೆಂದು ಆಗ ತಿಳಿಯಿತು. “ನಾನು ಗೆದ್ದೆ ಅಂತ ಬರೀರಿ. ಗೆಲ್ಲೋ ಹಂತಕ್ಕೆ ಬಂದೋರಿಗೆ ಬಿಟ್ಟಿ, ಅದು ನಿಮ್ಮ ಪ್ರೆಸ್ಸಿನ ನಿಯಮ ಅಂತ ಬರೀರಿ. ಗೆದ್ದೋರಿಗೆ ಬಿಟ್ಟಿ ಕೊಟ್ರೆ ಬಹುಮಾನ. ಸೋಲ್ತಾ ಇರೋಳಿಗೆ ಕೊಟ್ರೆ ಬೇರೆ ಏನೋ. ಬೇಕಂತಲೇ ಸೋಲ್ತೀನಿ ಅಂದಿದ್ರಲ್ಲ, ಗೆದ್ದು ತೋರಿಸಿದ್ರೆ ಅದೂ ಸುಳ್ಳಾಗ್ತದೆ.”

“ಮತ್ತೆ ಕೊನೇ ಸಾಲು?”

ನನಗೂ ಈ ಆಟ ಮುಗಿಯುವುದು ಬೇಡ ಎಂದು ಬರೆದಿದ್ದೆನಲ್ಲ, ಅದು.

“ಆಟ ಮುಗಿದ್ರೆ ಆ ಮಾತೂ ಮುಗೀತದೆ” ಎಂದಳು.

ಒಳಗೆ ಒಂದು ಮಗು ಅಳತೊಡಗಿತು. ಸಹಾಯಕಿ ಎದ್ದು ಹೋಗದೆ ಅಲ್ಲಿಂದಲೇ ಸಮಾಧಾನ ಹೇಳಿದಳು. ಚೌಡೇಶ್ವರಿ ಮಗುವಿನ ಕಡೆ ತಿರುಗಿಕೊಂಡೇ ಹೇಳಿದಳು:

“ಹದಿನಾರರ ಕುರಿ ಹದಿನೇಳಕ್ಕೆ.”

ಹಾಳೆ ನೋಡಬೇಕಾದ್ದೇ ಇರಲಿಲ್ಲ. ಮೂರೂ ಹುಲಿ ಕಟ್ಟುಬಿದ್ದವು. ಆರೇಳು ತಿಂಗಳಿಂದ ಆಕೆಯ ಕೈಯಲ್ಲಿದ್ದ ನಡೆ ಅದು.

ನಾನು ಎದ್ದೆ. ಬಂದಾಗ ಹೇಳಬೇಕೆಂದುಕೊಂಡ ಮಾತುಗಳು ಬಹಳ ಇದ್ದವು, ಒಂದೂ ಆ ಜಗಲಿಯ ಮೇಲೆ ಆಡುವಂಥದ್ದಲ್ಲ. ಸ್ವಲ್ಪ ದಿನ ಬಿಟ್ಟು ಹೊಸ ಆಟ ಶುರು ಮಾಡಬಹುದಲ್ಲ, ಎಲ್ಲರ ಹಾಗೆ ಒಂದು ರೂಪಾಯಿಗೇ, ಎಂದು ಮಾತ್ರ ಕೇಳಿದೆ. ನನ್ನ ದನಿ ಬೇಡುವವನ ದನಿಯಾಗಿತ್ತು.

“ಬ್ಯಾಡಿ. ಇನ್ನು ನಂಬರು ಬರೆದ್ರೂ ಅವರು ಬೇರೆ ಏನೋ ಓದ್ತಾರೆ.” ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. “ಆಡಿದ್ರೆ ಇನ್ನೂ ಎರಡು ವರ್ಷ ಆಡ್ಬೌದಿತ್ತು ನಾವು. ನಂಗೆ ಅಷ್ಟು ಕುರಿ ಕೊಳ್ಳೋ ಶಕ್ತಿ ಇತ್ತು ರೀ.”

ಮಧ್ಯಾಹ್ನ ಸೊರಬದಲ್ಲಿ ಇಳಿದು ಪೋಸ್ಟ್ ಆಫೀಸಿಗೆ ಹೋದೆ. ಶಿಕಾರಿಪುರಕ್ಕೆ ಹೋಗಿ ಬರೆಯಬಹುದಿತ್ತು, ಆದರೆ ಮನೆ ಮುಟ್ಟಿದರೆ ಬರೆಯುವುದಿಲ್ಲ ಎಂದು ನನ್ನ ಬಗ್ಗೆ ನನಗೆ ಗೊತ್ತಿತ್ತು. ಗೋಡೆಯ ಪಕ್ಕದ ಮೇಜಿನ ಮೇಲೆ, ದಾರ ಕಟ್ಟಿದ ಪೆನ್ನಿನಲ್ಲಿ ಬರೆದೆ. ‘ಶ್ರೀಮತಿ ಚೌಡೇಶ್ವರಿ ಅವರಿಗೆ. ನಿಮ್ಮ ಹದಿನಾರರ ಕುರಿ ಹದಿನೇಳಕ್ಕೆ ಬಂದು ಮೂರೂ ಹುಲಿಗಳು ಕಟ್ಟುಬಿದ್ದಿವೆ. ನೀವು ಗೆದ್ದಿದ್ದೀರಿ. ಗೆಲ್ಲುವ ಹಂತಕ್ಕೆ ಬಂದವರಿಗೆ ಎಲ್ಲವೂ ಉಚಿತ ಎಂಬ ನಮ್ಮ ನಿಯಮವನ್ನು ಹಿಂದಿನ ಕಾರ್ಡಿನಲ್ಲಿ ತಿಳಿಸಿದ್ದೆವು. ಆಟ ಮುಗಿದಿದೆ.’ ಕಾರ್ಡಿನಲ್ಲಿ ಇನ್ನೂ ಐದಾರು ಸಾಲು ಹಿಡಿಸುವಷ್ಟು ಜಾಗ ಉಳಿದಿತ್ತು. ಕೊನೆಗೆ ಲಗ್ನಪತ್ರಿಕೆಗಳನ್ನು ಸುಂದರವಾಗಿ ಮುದ್ರಿಸಿಕೊಡಲಾಗುವುದು ಎಂದು ಬರೆದು ಜಾಗ ತುಂಬಿಸಿದೆ.

ಡಬ್ಬಿಗೆ ಹಾಕುವ ಬದಲು, ಇವತ್ತಿನ ಚೀಲಕ್ಕೇ ಸೇರಲಿ ಎಂದು ಕೌಂಟರಿನಲ್ಲಿ ಕೊಟ್ಟೆ. ಗುಮಾಸ್ತ ಕನ್ನಡಕ ಏರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ. ನನಗೆ ಸಿಟ್ಟು ಬರಲಿಲ್ಲ. ಓದಲಿ, ಎಲ್ಲರೂ ಓದಲಿ ಎಂದೇ ಬರೆದದ್ದು.

“ಓಹೋ, ಗೆದ್ದಿದಾರೆ! ಬಹುಮಾನ ಏನು?”

“ಇನ್ಮೇಲೆ ಅವರು ಎಷ್ಟು ಆಟ ಆಡಿದ್ರೂ ಬಿಟ್ಟಿ” ಎಂದೆ.

“ಹಂಗಾದ್ರೆ ಬಿಡ್ತಾರಾ? ದಿನಾ ಆಡ್ತಾರೆ ನೋಡಿ.”

“ಇಲ್ಲ” ಎಂದೆ.

ಅವನು ಮುದ್ರೆ ಒತ್ತಿ ಕಾರ್ಡನ್ನು ಚೀಲಕ್ಕೆ ಹಾಕಿದ.